ಕಲಾವಿದನ ಒಲವೂ ಕೃತಿಯ ಅರ್ಥವೂ



ಕವಿಯೊಬ್ಬನ ಕಾವ್ಯವನ್ನು ಓದುವಾಗ, ಶಿಲ್ಪಿಯೊಬ್ಬನ ಪ್ರತಿಮೆಯನ್ನು ನೋಡುವಾಗ, ನಟನೊಬ್ಬನ ಅಭಿನಯಕ್ಕೆ ತಲೆದೂಗುವಾಗ, ಆತನು ಬಾಳಿನಲ್ಲಿ ಯಾರನ್ನು ಪ್ರೀತಿಸಿದನು, ಆತನ ಪ್ರಣಯವು ಹೆಣ್ಣಿನತ್ತ ಹರಿಯಿತೋ ಗಂಡಿನತ್ತ ಹರಿಯಿತೋ ಎಂಬುದನ್ನು ನಾವು ತಿಳಿದಿರಬೇಕಾದುದು ಅವಶ್ಯವೇ? ತಿಳಿದರೆ ಕೃತಿಯ ಅರ್ಥವು ಹಿಗ್ಗುವುದೋ, ಕುಗ್ಗುವುದೋ? ಈ ಪ್ರಶ್ನೆಗೆ ‘ಬೇಕು’ ಎಂದಾಗಲಿ ‘ಬೇಡ’ ಎಂದಾಗಲಿ ಒಂದೇ ಮಾತಿನ ಉತ್ತರ ಕೊಟ್ಟು ಮುಗಿಸುವವರು ಎರಡು ಪಕ್ಷಗಳಲ್ಲಿಯೂ ಇದ್ದಾರೆ. ಆ ಎರಡು ಉತ್ತರಗಳೂ ಅಪೂರ್ಣವೆಂದು ನನ್ನ ಎಣಿಕೆ. ಅದು ಹೇಗೆಂಬುದನ್ನು ನಮ್ಮ ನಾಡಿನ ಕಲೆ, ಸಾಹಿತ್ಯಗಳ ಆಧಾರದಿಂದಲೇ ನಿಮ್ಮ ಮುಂದಿಡಬೇಕೆಂದು ಬಯಸುತ್ತೇನೆ.

ಸುಳ್ಯದ ಮಗ್ಗುಲಿನ ಅಜ್ಜಾವರದಂಥ ಊರಿನಲ್ಲಿ, ಒಂದು ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ತುಳು, ಆಚೆಯ ಮನೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ ಎಂಬಂತೆ ಬಾಳುತ್ತಿರುವ ಜನರ ನಡುವೆ, ಸಂಜೆಯ ಹೊತ್ತು ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಬಾನುಲಿಗೆ ಕಿವಿಗೊಡುವ ಹಿರಿಯರ ಮುಂದೆ, ಇಂಥ ವಿಷಯವನ್ನು ಎತ್ತುವುದು ಉಚಿತವೇ ಎಂದು ಯಾರಾದರೂ ಶಂಕಿಸಬಹುದು. ಆ ಶಂಕೆಗೆ ಕಾರಣವಿಲ್ಲ. ನೆರೆಯ ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು, 1968ರಲ್ಲಿ ಪ್ರಕಟವಾಗಿ 1977ರಲ್ಲಿ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ, ಬಾಲ್ಯದಲ್ಲಿಯೇ ವೈಧವ್ಯವನ್ನು ಪಡೆದ ಒಬ್ಬ ಅಜ್ಜಿಯ ಬಾಯಿಂದ ಕಾಮವು ಜೀವಸೃಷ್ಟಿಯ ಮೂಲವೆಂಬುದನ್ನು ಲಜ್ಜೆಯಿಲ್ಲದೆ, ಗೌರವದಿಂದ ನುಡಿಸಿದರು. ಆ ಅಜ್ಜಿಯನ್ನು ಕೇಳಿ ಬೆಳೆದ ಸೀಮೆ ಇದು. ಗಂಭೀರವಾದ ಮಾತನ್ನು ಗಂಭೀರವಾಗಿ ಕೇಳುವ ಸಾಮರ್ಥ್ಯವು ಇಲ್ಲಿಯ ಜನರಿಗೆ ಉಂಟೆಂಬ ಭರವಸೆಯಿಂದಲೇ ನಾನು ಮುಂದುವರಿಯುತ್ತೇನೆ.

ಮೊದಲು ‘ಬೇಡ’ ಎನ್ನುವವರ ಪಕ್ಷವನ್ನು ಅದರ ಪೂರ್ಣಬಲದೊಡನೆ ಪರಿಶೀಲಿಸೋಣ. ಅವರಿಗೆ ಅತ್ಯಂತ ದೊಡ್ಡ ಸಾಕ್ಷಿಯು ನಮ್ಮ ಯಕ್ಷಗಾನದ ಚೌಕಿಯಲ್ಲಿಯೇ ದೊರೆಯುತ್ತದೆ. ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ನಮ್ಮ ಮೇಳಗಳ ಚೌಕಿಯನ್ನು ಹೊಕ್ಕು ನೋಡಿದವರಿಗೆ ಆ ದೃಶ್ಯವು ಪರಿಚಿತ. ಎರಡು ಸಾಲುಗಳಲ್ಲಿ ಚಾಪೆ ಹಾಸಿ, ಎದುರಿಗೆ ಕನ್ನಡಿಯನ್ನೂ ಬಣ್ಣದ ಪೆಟ್ಟಿಗೆಯನ್ನೂ ಇಟ್ಟುಕೊಂಡು ಕುಳಿತ ಕಲಾವಿದರ ನಡುವೆ ಒಬ್ಬನು, ಹೊಲಗದ್ದೆಗಳಲ್ಲಿ ದುಡಿದು ಗಡುಸಾದ ಅಂಗೈಯಲ್ಲಿಯೇ ಬಣ್ಣವನ್ನು ಕಲಸಿ, ಕೆನ್ನೆಗೆ ನುಣ್ಣಗೆ ಲೇಪಿಸಿ, ಹುಬ್ಬನ್ನು ತಿದ್ದಿ, ಕಣ್ಣಂಚಿಗೆ ಕಾಡಿಗೆಯನ್ನು ಎಳೆದು, ತುರುಬು ಕಟ್ಟಿ, ಸೀರೆಯ ನೆರಿಗೆಯನ್ನು ಹಿಡಿದು, ಬಳೆ ತೊಟ್ಟು ಎದ್ದು ನಿಲ್ಲುತ್ತಾನೆ. ರಂಗಸ್ಥಳಕ್ಕೆ ಬಂದ ಮೇಲೆ ಆತನು ದಾಕ್ಷಾಯಿಣಿ. ತವರಿನಲ್ಲಿ ಗಂಡನಿಗಾದ ಅವಮಾನವನ್ನು ಸಹಿಸಲಾರದ ಹೆಣ್ಣು. ಕೋಳ್ಯೂರು ರಾಮಚಂದ್ರ ರಾಯರ, ಪಾತಾಳ ವೆಂಕಟರಮಣ ಭಟ್ಟರ ಸ್ತ್ರೀವೇಷಗಳನ್ನು ಕಂಡು ಕಣ್ಣೊದ್ದೆ ಮಾಡಿಕೊಂಡ ತೆಂಕುತಿಟ್ಟಿನ ಪ್ರೇಕ್ಷಕರು, ವೇಷದ ಹಿಂದಿನ ವ್ಯಕ್ತಿಯ ಖಾಸಗಿ ಬಾಳನ್ನು ವಿಚಾರಿಸಲು ಹೋಗಲಿಲ್ಲ. ಪಾತ್ರದ ಔಚಿತ್ಯವನ್ನೂ ಮಾತಿನ ಹದವನ್ನೂ ಹೆಜ್ಜೆಯ ಲಾಲಿತ್ಯವನ್ನೂ ವಿಚಾರಿಸಿದರು. ಗಂಡಸು ಹೆಣ್ಣಾಗಿ ನಿಂತು ಗೆದ್ದದ್ದು ಸ್ವಭಾವದ ಬಲದಿಂದಲ್ಲ, ಅಭ್ಯಾಸದ ಬಲದಿಂದ ಎಂಬ ತೀರ್ಮಾನವು ಇಲ್ಲಿಯ ರಸಿಕರಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಆ ತೀರ್ಮಾನವು ಸರಿಯಾದುದೇ.

ಈ ಪಕ್ಷಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ಕ್ರೌಂಚಪಕ್ಷಿಯ ವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬ ಪ್ರಸಿದ್ಧ ಪ್ರಸಂಗವನ್ನು ವಿವರಿಸುವಾಗ ಅಭಿನವಗುಪ್ತನು, ಇದು ಮುನಿಯ ವೈಯಕ್ತಿಕ ಶೋಕವೆಂದು ಭಾವಿಸಬಾರದು ಎಂಬ ಎಚ್ಚರಿಕೆಯನ್ನು ಕೊಡುತ್ತಾನೆ. ಸ್ವಂತ ದುಃಖದಿಂದ ಬೆಂದವನು ಅಳುತ್ತಾನೆಯೇ ಹೊರತು ಕಾವ್ಯವನ್ನು ಕಟ್ಟಲಾರನು. ಭಾವವು ‘ನನ್ನದು’, ‘ಅವನದು’ ಎಂಬ ಕಟ್ಟನ್ನು ಕಳಚಿಕೊಂಡು ಸಾಧಾರಣೀಕರಣವನ್ನು ಹೊಂದಿದಾಗಲೇ ಅದು ರಸಪದವಿಗೆ ಏರುತ್ತದೆ. 1953ರಲ್ಲಿ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಈ ವಿಚಾರಗಳನ್ನು ಕನ್ನಡ ಓದುಗರ ಮನೆಮಾತಾಗಿಸಿದ ಮೇಲಂತೂ, ಕವಿಯ ಬಾಳನ್ನು ಕೆದಕುವುದು ಅರಸಿಕರ ಕೆಲಸವೆಂಬ ನಂಬಿಕೆಯು ನಮ್ಮ ವಿದ್ಯಾವಂತರಲ್ಲಿ ಬಲಿಯಿತು. ಇದಕ್ಕೂ ಹಿಂದೆಯೇ ಜೇಡರ ದಾಸಿಮಯ್ಯನು, ಹೆಣ್ಣು ಗಂಡು ಎಂಬ ಭೇದವು ಮೈಯ ಗುರುತಿಗೆ ಸೇರಿದ್ದು, ಒಳಗಿನ ಚೇತನಕ್ಕೆ ಆ ಭೇದವು ತಗಲದು ಎಂಬ ತತ್ತ್ವವನ್ನು ಸಾರಿದ್ದನು. ಚೇತನಕ್ಕೇ ಲಿಂಗವಿಲ್ಲವೆಂದ ಮೇಲೆ, ಆ ಚೇತನದ ಸೃಷ್ಟಿಯಾದ ಕಲೆಗೆ ಎಲ್ಲಿಯ ಲಿಂಗ, ಎಲ್ಲಿಯ ಲೈಂಗಿಕತೆ ಎಂದು ಇವರು ಕೇಳುತ್ತಾರೆ.

ಮಾತು ಉದಾತ್ತವಾಗಿದೆ. ಆದರೆ ಈ ಉದಾತ್ತವಾದ ನಿಯಮವನ್ನು ನಾವು ಎಲ್ಲರಿಗೂ ಸಮನಾಗಿ ಅನ್ವಯಿಸಿದ್ದೇವೆಯೇ? 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನು ಓದುವ ಕನ್ನಡಿಗನು, ಅದನ್ನು ಮದುವೆಯಾದ ತರುಣನೊಬ್ಬನ ದಾಂಪತ್ಯದ ಹಾಡೆಂದೇ ಓದುತ್ತಾನೆ, ಕವಿಯ ಮನೆಯ ಮಾತು ಬಂದರೆ ಹಿಗ್ಗುತ್ತಾನೆ. ಬೇಂದ್ರೆಯವರ ‘ಸಖೀಗೀತ’ವನ್ನು ಪಾಠಮಾಡುವ ಅಧ್ಯಾಪಕನು, ಕವಿದಂಪತಿಗಳು ಉಂಡ ಬಡತನವನ್ನೂ ಪುತ್ರಶೋಕವನ್ನೂ ಪ್ರಸ್ತಾಪಿಸದೆ ಪಾಠವನ್ನು ಮುಗಿಸುವುದಿಲ್ಲ. ಕುವೆಂಪು ಅವರ ಪ್ರೇಮಗೀತೆಗಳನ್ನು ಓದುವಾಗ ಅವರ ಗೃಹಿಣಿಯ ನೆನಪು ಬಾರದವರು ಯಾರು? ಇಲ್ಲೆಲ್ಲ ಕವಿಯ ಒಲವು ಕಾವ್ಯಕ್ಕೆ ಸಂಬಂಧವಿಲ್ಲದ ವಿಷಯವೆಂದು ಯಾರೂ ಮೂಗು ಮುರಿದದ್ದಿಲ್ಲ. ಹೆಣ್ಣನ್ನು ಒಲಿದ ಗಂಡಿನ ಬಾಳು ಕಾವ್ಯದ ಹಿನ್ನೆಲೆಯಾಗಿ ಸಹಜವಾಗಿ ಸಲ್ಲುವುದಾದರೆ, ಗಂಡನ್ನು ಒಲಿದ ಗಂಡಿನ ಅಥವಾ ಹೆಣ್ಣನ್ನು ಒಲಿದ ಹೆಣ್ಣಿನ ಬಾಳು ಎದುರಾದ ಕೂಡಲೇ ಮಾತ್ರ ಸಾಧಾರಣೀಕರಣದ ತತ್ತ್ವವು ನಮ್ಮ ನೆನಪಿಗೆ ಬರುವುದೇಕೆ? ಎಲ್ಲರ ವಿಷಯದಲ್ಲಿಯೂ ಮೌನವನ್ನು ಪಾಲಿಸುವುದು ಒಂದು ತತ್ತ್ವವಾದೀತು. ಕೆಲವರ ವಿಷಯದಲ್ಲಿ ಮಾತ್ರ ಪಾಲಿಸುವ ಮೌನವು ತತ್ತ್ವದ ಹೆಸರಿನ ತಿರಸ್ಕಾರವಾಗುತ್ತದೆ.

ನಮ್ಮ ಲಕ್ಷಣಗ್ರಂಥಗಳೂ ಈ ವಿಷಯದಲ್ಲಿ ಪೂರ್ಣ ನಿಷ್ಪಕ್ಷಪಾತವಾಗಿರಲಿಲ್ಲ. ಶೃಂಗಾರಕ್ಕೆ ಆಲಂಬನವಾಗಿ ಉತ್ತಮಪ್ರಕೃತಿಯ ಸ್ತ್ರೀಪುರುಷರನ್ನು ಹೇಳಿದ ಆಚಾರ್ಯರು, ಲೋಕವು ಅನುಚಿತವೆಂದು ಎಣಿಸಿದ ಒಲವುಗಳನ್ನು ‘ರಸಾಭಾಸ’ ಎಂಬ ಬೇರೆಯ ಕೋಣೆಯಲ್ಲಿ ಇರಿಸಿದರು. ಅಲ್ಲಿ ಒಂದು ಕಡೆಯ ಪ್ರೀತಿಯೂ ಉಂಟು, ಕೀಳೆಂದು ಎಣಿಸಲ್ಪಟ್ಟ ಪಾತ್ರಗಳ ಪ್ರೀತಿಯೂ ಉಂಟು. ರಸದಂತೆ ತೋರುತ್ತದೆ, ಆದರೆ ರಸವಲ್ಲ ಎಂಬುದು ಅದರ ತಾತ್ಪರ್ಯ. ಔಚಿತ್ಯವನ್ನು ಗೊತ್ತುಮಾಡುವುದು ಲೋಕವಾದುದರಿಂದ, ಯಾವ ಒಲವು ರಸ, ಯಾವುದು ಆಭಾಸ ಎಂಬುದನ್ನು ಕಾವ್ಯಕ್ಕಿಂತ ಮುಂಚೆ ಸಮಾಜವೇ ನಿರ್ಣಯಿಸಿಬಿಟ್ಟಿರುತ್ತದೆ. ತನ್ನ ಒಲವನ್ನು ಹುಟ್ಟುವುದಕ್ಕೆ ಮೊದಲೇ ಆಭಾಸವೆಂದು ಗೊತ್ತುಪಡಿಸಿರುವ ಲೋಕದಲ್ಲಿ ಬರೆಯಲು ಕುಳಿತ ಕಲಾವಿದನ ಇಕ್ಕಟ್ಟನ್ನು, ಅದರಿಂದ ಅವನ ಬರವಣಿಗೆಗೆ ಬಂದ ತಿರುವುಗಳನ್ನು, ಮರೆಗಳನ್ನು, ತಡೆಗಳನ್ನು ಅರಿಯದೆ ಆ ಕೃತಿಯನ್ನು ಪೂರ್ಣವಾಗಿ ಅರಿಯುವುದು ಹೇಗೆ?

ಪಶ್ಚಿಮದ ಕಲಾಚರಿತ್ರೆಯಲ್ಲಿ ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಇಟಲಿಯ ಮಹಾಶಿಲ್ಪಿ ಮೈಕೆಲಾಂಜೆಲೊ ಕವಿಯೂ ಆಗಿದ್ದನು. ತೊಮ್ಮಾಸೊ ಕವಲಿಯೇರಿ ಎಂಬ ತರುಣನನ್ನು ಕುರಿತು ಆತನು ಉತ್ಕಟವಾದ ಸುನೀತಗಳನ್ನು ಬರೆದನು. ಆತನು ತೀರಿಕೊಂಡು ಅರ್ಧ ಶತಮಾನ ಕಳೆದ ಬಳಿಕ, 1623ರಲ್ಲಿ, ಸೋದರನ ಮೊಮ್ಮಗನು ಆ ಕವಿತೆಗಳನ್ನು ಅಚ್ಚುಮಾಡಿಸುವಾಗ ಮನೆತನದ ಮಾನವನ್ನು ಕಾಪಾಡುವ ಉದ್ದೇಶದಿಂದ ಪುಂಲಿಂಗದ ಸರ್ವನಾಮಗಳನ್ನು ಸ್ತ್ರೀಲಿಂಗಕ್ಕೆ ತಿದ್ದಿಬಿಟ್ಟನು. 1863ರಲ್ಲಿ ಮೂಲಪಾಠವು ಪ್ರಕಟವಾಗುವವರೆಗೆ, ಎರಡು ಶತಮಾನಗಳಿಗೂ ಮೀರಿ, ರಸಿಕರು ಓದಿದ್ದು ಆ ಕವಿಯ ಕವಿತೆಗಳನ್ನಲ್ಲ. ಒಬ್ಬ ಸಂಕೋಚಶೀಲ ಬಂಧುವಿನ ತಿದ್ದುಪಡಿಗಳನ್ನು. ಕಲಾವಿದನ ಒಲವು ಕೃತಿಗೆ ಅಪ್ರಸ್ತುತವಾಗಿದ್ದರೆ, ಅದನ್ನು ಮುಚ್ಚಲು ಕೃತಿಯನ್ನೇ ತಿದ್ದಬೇಕಾದ ಅಗತ್ಯವು ಏಕೆ ಬೀಳುತ್ತಿತ್ತು? ಮುಚ್ಚಿದವನೇ ಅದರ ಮಹತ್ತ್ವಕ್ಕೆ ಸಾಕ್ಷಿ.

ಇನ್ನೊಂದು ನಿದರ್ಶನವು ನಮ್ಮ ದೇಶಕ್ಕೆ ಸಂಬಂಧಪಟ್ಟಿದ್ದು. ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು 1924ರಲ್ಲಿ ಪ್ರಕಟಿಸಿದ ಇ. ಎಂ. ಫಾರ್ಸ್ಟರ್, 1970ರಲ್ಲಿ ತೀರಿಕೊಳ್ಳುವವರೆಗಿನ 46 ವರ್ಷಗಳಲ್ಲಿ ಮತ್ತೊಂದು ಕಾದಂಬರಿಯನ್ನು ಪ್ರಕಟಿಸಲಿಲ್ಲ. ಗಂಡುಹೆಣ್ಣುಗಳ ಪ್ರೇಮವೊಂದನ್ನು ಬಿಟ್ಟು ಬೇರೆ ಪ್ರೇಮವನ್ನು ಬರೆಯಲು ತನಗೆ ಅನುಮತಿಯಿಲ್ಲವೆಂಬ ಬೇಸರವನ್ನು ಆತನು 1911ರಷ್ಟು ಹಿಂದೆಯೇ ತನ್ನ ದಿನಚರಿಯಲ್ಲಿ ತೋಡಿಕೊಂಡಿದ್ದನು. ಇಬ್ಬರು ಗಂಡಸರ ಒಲವನ್ನು ವಸ್ತುವಾಗುಳ್ಳ ‘ಮಾರಿಸ್’ ಎಂಬ ಕಾದಂಬರಿಯನ್ನು 1914ರ ವೇಳೆಗೆ ಬರೆದು ಮುಗಿಸಿಯೂ ಜೀವಮಾನವಿಡೀ ಅದನ್ನು ಪ್ರಕಟಿಸದೆ ಇರಿಸಿಕೊಂಡನು. ಅದು ಬೆಳಕು ಕಂಡದ್ದು ಆತನ ಮರಣಾನಂತರ, 1971ರಲ್ಲಿ. ಭಾರತವನ್ನು ಕುರಿತ ಆ ಕಾದಂಬರಿಯನ್ನು ಆತನು ಅರ್ಪಿಸಿದ್ದು ತಾನು ಬಹುವಾಗಿ ಒಲಿದಿದ್ದ ಸೈಯದ್ ರಾಸ್ ಮಸೂದ್ ಎಂಬ ಭಾರತೀಯ ಮಿತ್ರನಿಗೆ. ಇದನ್ನು ಬಲ್ಲವನು ಅಜೀಜ್ ಮತ್ತು ಫೀಲ್ಡಿಂಗ್ ಎಂಬ ಇಬ್ಬರು ಗೆಳೆಯರು ಕುದುರೆಗಳನ್ನೇರಿ ಅಗಲುವ ಕೊನೆಯ ಪುಟಗಳನ್ನು ಓದುವಾಗ, ಅಲ್ಲಿ ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಣ ಕಂದಕವನ್ನು ಕಾಣುವುದರ ಜೊತೆಗೆ, ಲೋಕವು ಒಪ್ಪದ ಸಾಮೀಪ್ಯವೊಂದರ ವೇದನೆಯನ್ನೂ ಕಾಣುತ್ತಾನೆ. ಮೊದಲಿನ ಅರ್ಥವು ಅಳಿಯುವುದಿಲ್ಲ; ಅದರ ಕೆಳಗೆ ಇನ್ನೊಂದು ಪದರವು ತೆರೆದುಕೊಳ್ಳುತ್ತದೆ.

ಈಗ ನಮ್ಮ ಕನ್ನಡಕ್ಕೆ ಬರೋಣ. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ 1969ರಲ್ಲಿ ಹುಟ್ಟಿ, ನಮ್ಮ ಜಿಲ್ಲೆಯ ಸುರತ್ಕಲ್ಲಿನಲ್ಲಿಯೇ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ವೃತ್ತಿಯಲ್ಲಿದ್ದ ವಸುಧೇಂದ್ರರು, ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬ ಪ್ರಬಂಧಸಂಕಲನದಿಂದ ಸಾವಿರಾರು ಮನೆಗಳಿಗೆ ಪ್ರಿಯರಾದ ಲೇಖಕರು. ತಾಯಿಯನ್ನು ಕುರಿತು ಅಷ್ಟು ಅಕ್ಕರೆಯಿಂದ ಬರೆಯಬಲ್ಲವರೆಂದು ಜನರು ಅವರನ್ನು ಮೆಚ್ಚಿದ್ದ ಕಾಲದಲ್ಲಿ, 2013ರಲ್ಲಿ, ‘ಮೋಹನಸ್ವಾಮಿ’ ಎಂಬ ಕಥಾಸಂಕಲನವು ಹೊರಬಂದಿತು. ಅದರ ನಾಯಕನು ಗಂಡನ್ನು ಒಲಿಯುವ ಗಂಡು. ಆ ನಾಯಕನ ಮೊದಲ ಕತೆಯು ಮೊದಲು ಅಚ್ಚಾದುದು ಲೇಖಕರ ಸ್ವಂತ ಹೆಸರಿನಲ್ಲಲ್ಲ, ಒಂದು ಗುಪ್ತನಾಮದಲ್ಲಿ. ಸಂಕಲನವಾಗಿ ಬಂದುದು ಅವರ ಹೆಸರಿನಲ್ಲಿ. ಅಲ್ಲಿಗೂ ನಿಲ್ಲದೆ, ತಾವೂ ಸಲಿಂಗಪ್ರೇಮಿಯೆಂಬ ಸಂಗತಿಯನ್ನು ಅವರು ಬಹಿರಂಗವಾಗಿ ಹೇಳಿದರು. ಕನ್ನಡದ ಪ್ರಸಿದ್ಧ ಲೇಖಕರೊಬ್ಬರು ಹೀಗೆ ತಮ್ಮ ಕೃತಿಯ ಪಕ್ಕದಲ್ಲಿ ತಾವೇ ಬಂದು ನಿಂತುದು ನಮ್ಮ ಸಾಹಿತ್ಯದಲ್ಲಿ ಒಂದು ಘಟನೆ. ಅದೇ ವರ್ಷದ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು, ಸಲಿಂಗಪ್ರೇಮಿಗಳನ್ನು ಅಪರಾಧಿಗಳನ್ನಾಗಿ ಕಾಣುತ್ತಿದ್ದ 1860ರ ದಂಡಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿಯಿತೆಂಬುದನ್ನು ನೆನೆದರೆ, ಆ ನಿಲುವಿನ ಹಿಂದೆ ಎಂಥ ಧೈರ್ಯವಿತ್ತೆಂಬುದು ತಿಳಿಯುತ್ತದೆ.

ಈ ಕತೆಗಳ ನಾಯಕನಿಗೆ ಲೋಕೋತ್ತರವಾದ ಆಸೆಗಳೇನೂ ಇಲ್ಲ. ಅವನಿಗೆ ಬೇಕಾದುದು ಒಬ್ಬ ಸಂಗಾತಿ, ಒಂದು ಮನೆ, ಮಾನದ ಬಾಳು. ತಾನು ನಂಬಿ ಒಲಿದ ಕಾರ್ತಿಕನು ತನ್ನನ್ನು ಬಿಟ್ಟು ಹುಡುಗಿಯೊಬ್ಬಳನ್ನು ಮದುವೆಯಾಗುವುದನ್ನು ಅವನು ನೋಡಬೇಕಾಗುತ್ತದೆ. ಪ್ರಿಯನ ವಿವಾಹವನ್ನು ದೂರದಿಂದ ನೋಡುವ ವ್ಯಥೆಯು ಸಾಹಿತ್ಯಕ್ಕೆ ಹೊಸದಲ್ಲ; ಆದರೆ ಬೇರೆ ಪ್ರಣಯಿಗಳಿಗೆ ಅಳುವ ಹಕ್ಕಾದರೂ ಇತ್ತು, ಸಾಂತ್ವನ ಹೇಳುವ ಗೆಳತಿಯರಾದರೂ ಇದ್ದರು. ಇವನ ದುಃಖಕ್ಕೆ ಲೋಕದಲ್ಲಿ ಹೆಸರೇ ಇಲ್ಲ. ಅವನು ನಗುನಗುತ್ತ ಶುಭವನ್ನು ಕೋರಬೇಕು. ಇದನ್ನು ಓದುವಾಗ ನಮಗಾಗುವ ಸಂಕಟವು ಅಪ್ಪಟ ಕರುಣರಸವೇ. ಸಾಧಾರಣೀಕರಣವು ಇಲ್ಲಿಯೂ ನಡೆಯುತ್ತದೆ. ಹೆಣ್ಣನ್ನು ಒಲಿದವರೂ ಗಂಡನ್ನು ಒಲಿದವರೂ ಒಂದೇ ಸಮನಾಗಿ ಕರಗುತ್ತಾರೆ. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಕತೆಯು ಸರ್ವರದಾದುದು ತನ್ನ ವಿಶೇಷವನ್ನು ಮುಚ್ಚಿಟ್ಟುಕೊಂಡುದರಿಂದಲ್ಲ, ಅದನ್ನು ನಿರ್ಭಯವಾಗಿ ಕಂಡರಿಸಿದುದರಿಂದ. ಮೋಹನಸ್ವಾಮಿಯ ಜಾಗದಲ್ಲಿ ಒಬ್ಬ ಹುಡುಗಿಯನ್ನು ಇಟ್ಟು ಓದಿದರೆ ಆ ಕತೆಯ ಬೆನ್ನೆಲುಬೇ ಮುರಿಯುತ್ತದೆ.

ಇಲ್ಲಿ ಲೇಖಕರ ಲೈಂಗಿಕತೆಯನ್ನು ತಿಳಿದಿರುವುದರಿಂದ ಓದಿಗೆ ಏನು ಲಾಭ? ನನಗೆ ತೋರುವಂತೆ ಲಾಭವು ಎರಡು ಬಗೆಯದು. ಮೊದಲನೆಯದಾಗಿ, ಆ ಬರವಣಿಗೆಯ ಸ್ವರವು ನಮಗೆ ಸರಿಯಾಗಿ ಕೇಳಿಸುತ್ತದೆ. ಹೊರಗೆ ನಿಂತು ಮರುಗುವವನ ಸ್ವರ ಅದಲ್ಲ, ವಿಚಿತ್ರವೊಂದನ್ನು ಕಂಡು ವರದಿಮಾಡುವವನ ಸ್ವರವೂ ಅಲ್ಲ. ಒಳಗಿದ್ದು ಬಲ್ಲವನ ಸ್ವರ. ನಾಯಕನ ಸಣ್ಣತನಗಳನ್ನೂ ಹೊಟ್ಟೆಕಿಚ್ಚನ್ನೂ ಬಚ್ಚಿಡದೆ ಬರೆಯುವ ಸ್ವಾತಂತ್ರ್ಯವು ಆ ಸ್ವರಕ್ಕೆ ಇರುವುದು ಈ ಕಾರಣದಿಂದಲೇ. ಎರಡನೆಯದಾಗಿ, ಅವರ ಹಿಂದಿನ ಬರಹಗಳಲ್ಲಿ ಇದ್ದ ಮೌನವೂ ನಮಗೆ ಅರ್ಥವಾಗತೊಡಗುತ್ತದೆ. ಬಾಳಿನ ಎಷ್ಟೋ ಸಂಗತಿಗಳನ್ನು ತೆರೆದ ಮನಸ್ಸಿನಿಂದ ಹೇಳಿಕೊಳ್ಳುತ್ತಿದ್ದ ಲೇಖಕನು ಒಂದು ಬಾಗಿಲನ್ನು ಮಾತ್ರ ಬಹುಕಾಲ ಮುಚ್ಚಿಕೊಂಡೇ ಬರೆಯಬೇಕಾಯಿತೆಂಬುದು ಆತನ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಮುಖ್ಯ ಅಧ್ಯಾಯ. ಅದು ಆತನೊಬ್ಬನ ಚರಿತ್ರೆ ಮಾತ್ರವಲ್ಲ, ಆತನನ್ನು ಹಾಗೆ ಬರೆಯುವಂತೆ ಮಾಡಿದ ನಮ್ಮ ಸಮಾಜದ ಚರಿತ್ರೆಯೂ ಹೌದು.

ಆದರೆ ಅದೇ ಲೇಖಕರ ಇನ್ನೊಂದು ಕೃತಿಯನ್ನು ತೆಗೆದುಕೊಳ್ಳಿ. 2019ರಲ್ಲಿ ಪ್ರಕಟವಾದ ‘ತೇಜೋ ತುಂಗಭದ್ರಾ’ ಎಂಬ ಬೃಹತ್ ಕಾದಂಬರಿಯು, ಲಿಸ್ಬನ್ನಿನ ತೇಜೋ ನದಿಯ ದಂಡೆಯಿಂದ ವಿಜಯನಗರದ ತುಂಗಭದ್ರೆಯ ದಂಡೆಯವರೆಗೆ ಹರಡಿಕೊಂಡು, ಪೋರ್ಚುಗೀಸರ ಹಡಗುಗಳು ಹೊತ್ತು ತಂದ ಲೋಭ, ಮತಾಂಧತೆ, ಪ್ರೇಮಗಳ ಕತೆಯನ್ನು ಹೇಳುತ್ತದೆ. ಅದನ್ನು ಸವಿಯಲು, ಅದರ ಗುಣದೋಷಗಳನ್ನು ತೂಗಲು ಲೇಖಕನ ಪ್ರಣಯಪ್ರವೃತ್ತಿಯ ವಿಚಾರವು ಅನವಶ್ಯಕ. ಆತನು ಇತಿಹಾಸವನ್ನು ಹೇಗೆ ಅರಗಿಸಿಕೊಂಡನು, ನೂರಾರು ಪುಟಗಳ ಕಥನವನ್ನು ಹೇಗೆ ನಿರ್ವಹಿಸಿದನು ಎಂಬುದೇ ಅಲ್ಲಿಯ ಪ್ರಶ್ನೆ. ‘ಮೋಹನಸ್ವಾಮಿ’ಯನ್ನು ಓದಿದ ಕಾರಣಕ್ಕಾಗಿ ಈ ಕಾದಂಬರಿಯ ಪ್ರತಿಪುಟದಲ್ಲಿಯೂ ಅದೇ ಸುಳಿವನ್ನು ಹುಡುಕುತ್ತ ಹೋಗುವವನು ಲೇಖಕನಿಗೆ ಅನ್ಯಾಯವನ್ನೇ ಮಾಡುತ್ತಾನೆ. ಒಬ್ಬನೇ ಲೇಖಕನ ಒಂದು ಕೃತಿಯು ಈ ತಿಳಿವನ್ನು ಬೇಡುತ್ತದೆ, ಇನ್ನೊಂದು ಬೇಡುವುದಿಲ್ಲ. ಆದುದರಿಂದ ಕಲಾವಿದನ ಲೈಂಗಿಕತೆಯು ಮುಖ್ಯವೋ ಅಲ್ಲವೋ ಎಂಬುದನ್ನು ಕಲಾವಿದನ ಹೆಸರನ್ನು ನೋಡಿ ನಿರ್ಣಯಿಸುವುದಲ್ಲ, ಕೃತಿಯನ್ನು ಕೇಳಿ ನಿರ್ಣಯಿಸುವುದು.

ಪ್ರಣಯದ ಪ್ರಶ್ನೆಯಿಂದ ಬೇರೆಯಾದರೂ ಅದಕ್ಕೆ ಅತಿಸಮೀಪವಾದ ಇನ್ನೊಂದು ವಿಷಯವುಂಟು. ಗಂಡೆಂದು ಹುಟ್ಟಿದ ಮೈಯಲ್ಲಿ ಹೆಣ್ತನವನ್ನು ಬಾಳುವವರ ಕಲೆ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು, ಮನೆಯಿಂದ ಹೊರಬಿದ್ದು, ಕಾಳವ್ವ ಜೋಗತಿಯವರಿಂದ ಯಲ್ಲಮ್ಮನ ಕಥನವನ್ನೂ ಜೋಗತಿ ನೃತ್ಯವನ್ನೂ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಗೆ ಏರಿದರು; 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ಸಭಾಂಗಣದಲ್ಲಿ, ಪ್ರಶಸ್ತಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮುನ್ನ, ತಮ್ಮ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದು ಹರಸಿದುದನ್ನು ದೇಶವೆಲ್ಲ ಕಂಡಿತು. ತಲೆಯ ಮೇಲೆ ಕೊಡವನ್ನು ಹೊತ್ತು ಕುಣಿಯುವ ಆ ನೃತ್ಯವನ್ನು ಬಾಳಿನಿಂದ ಬೇರ್ಪಡಿಸಿ ನೋಡುವುದು ಸಾಧ್ಯವೇ? ಅಲ್ಲಿ ಸ್ತ್ರೀವೇಷವೆಂಬುದಿಲ್ಲ. ಬಯಲಾಟದ ನಟನು ಬೆಳಗಾಗುವಾಗ ಸೀರೆಯನ್ನು ಕಳಚಿಟ್ಟು ಮನೆಗೆ ಹೋಗುತ್ತಾನೆ. ಜೋಗತಿಗೆ ಅದೇ ಉಡುಗೆ, ಅದೇ ಬಾಳು. ಒಂದೇ ನಾಡಿನ ಎರಡು ಕಲೆಗಳಲ್ಲಿ ಮೊದಲನೆಯದನ್ನು ಅರಿಯಲು ಕಲಾವಿದನ ಬಾಳಿನ ಪರಿಚಯವು ಬೇಕಾಗುವುದಿಲ್ಲ, ಎರಡನೆಯದನ್ನು ಅದಿಲ್ಲದೆ ಅರಿಯಲಾಗುವುದಿಲ್ಲ. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿರುವ ಮಂಜಮ್ಮನವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಎಂಬುದನ್ನು ಓದಿ ಆ ಕುಣಿತವನ್ನು ನೋಡಿದವರಿಗೆ ನನ್ನ ಮಾತಿನ ನಿಜವು ಹೊಳೆಯುತ್ತದೆ.

ಹೆಣ್ಣು ಗಂಡುಗಳ ಇಂಥ ಕೂಡಿಕೆಯನ್ನು ನಮ್ಮ ಸೀಮೆಯೂ ಬಲ್ಲದು. ನಮ್ಮ ತುಳುನಾಡಿನ ಭೂತಾರಾಧನೆಯಲ್ಲಿ ಜುಮಾದಿಯೆಂಬ ದೈವವುಂಟು. ಧೂಮಾವತಿಯೆಂದೂ ಕರೆಸಿಕೊಳ್ಳುವ ಆ ದೈವದ ಬಿಂಬಗಳಲ್ಲಿ ಮುಖದ ಮೇಲೆ ಮೀಸೆಯೂ ಎದೆಯ ಮೇಲೆ ಸ್ತನಗಳೂ ಒಟ್ಟಿಗೇ ಮೂಡಿರುವುದನ್ನು ನೀವು ಕಂಡಿದ್ದೀರಿ. ಹೆಣ್ಣೂ ಗಂಡೂ ಕೂಡಿದ ಆ ರೂಪದ ಮುಂದೆ ಊರಿಗೆ ಊರೇ ತಲೆಬಾಗಿ, ತನ್ನ ವ್ಯಾಜ್ಯಗಳನ್ನೂ ಕಷ್ಟಗಳನ್ನೂ ಒಪ್ಪಿಸಿಕೊಳ್ಳುತ್ತದೆ. ಅದೇ ಊರಿನಲ್ಲಿ ನಡಿಗೆಯು ತುಸು ಮೃದುವಾದ ಹುಡುಗನೊಬ್ಬನು ಶಾಲೆಗೆ ಹೋಗುವಾಗ ಹಿಂದಿನಿಂದ ಕೂಗಿ ಹೀಯಾಳಿಸುವವರೂ ಇದ್ದಾರೆ. ದೈವದಲ್ಲಿ ಪೂಜ್ಯವಾದುದು ಮನುಷ್ಯನಲ್ಲಿ ಹಾಸ್ಯಾಸ್ಪದವಾಗುವುದು ನ್ಯಾಯವಲ್ಲ. ಅಂಥ ಹುಡುಗನು ಮುಂದೆ ಕಲಾವಿದನಾದರೆ ಆತನ ಕಲೆಯಲ್ಲಿ ಆ ಕೂಗಿನ ಗಾಯವು ಎಲ್ಲಿಯಾದರೂ ಕಾಣಿಸಿಕೊಳ್ಳದೆ ಇರದು. ಅದನ್ನು ಗುರುತಿಸದ ವಿಮರ್ಶೆಯು ಎಷ್ಟು ಶಾಸ್ತ್ರೀಯವಾಗಿದ್ದರೂ ಕುರುಡೇ.

ಹಾಗಾದರೆ ‘ಬೇಕು’ ಎನ್ನುವವರ ಪಕ್ಷವೇ ಗೆದ್ದಿತೆಂದು ಹೇಳೋಣವೇ? ಅಲ್ಲಿಯೂ ಒಂದು ಅಪಾಯವಿದೆ, ಅದು ಸಣ್ಣದಲ್ಲ. ಕಲಾವಿದನು ತಾನಾಗಿ ಹೇಳದಿದ್ದರೂ, ಆತನ ಕೃತಿಯ ಅಲ್ಲೊಂದು ಇಲ್ಲೊಂದು ಸಾಲನ್ನು ಹೆಕ್ಕಿ, ‘ಈತನು ಇಂಥವನಿರಬೇಕು’ ಎಂದು ಊಹಿಸಿ ಸಾರುವ ಚಪಲವು ಈ ಕಾಲದಲ್ಲಿ ಬೆಳೆಯುತ್ತಿದೆ. ಶರಣನು ಸತಿ, ಲಿಂಗವೇ ಪತಿ ಎಂಬ ಭಾವದಲ್ಲಿ ಉರಿಲಿಂಗದೇವನು ಹೆಣ್ಣಾಗಿ ನಿಂತು ತನ್ನ ದೈವವನ್ನು ಒಲಿದು ವಚನಗಳನ್ನು ಬರೆದನು. ಇದು ಒಂದು ಭಕ್ತಿಮಾರ್ಗದ ಪರಿಭಾಷೆ, ಒಂದು ಸಾಧನೆಯ ಕ್ರಮ. ಇದನ್ನು ಹಿಡಿದು ಆ ಶರಣನ ದೇಹದ ಬಯಕೆಗಳನ್ನು ಕುರಿತು ತೀರ್ಪು ಕೊಡಹೊರಡುವವನು ಕವಿಯನ್ನೂ ಅರಿತವನಲ್ಲ, ಭಕ್ತಿಯನ್ನೂ ಅರಿತವನಲ್ಲ. ಸ್ತ್ರೀವೇಷದ ನಟನ ಲಾಲಿತ್ಯವನ್ನು ಕಂಡು ಆತನ ಮನೆಯ ಬಾಳನ್ನು ಶಂಕಿಸುವವನದೂ ಇದೇ ತಪ್ಪು. ಬಾಳಿನಿಂದ ಕೃತಿಯ ಕಡೆಗೆ ನಡೆಯುವ ದಾರಿ ಒಂದು; ಕೃತಿಯಿಂದ ಬಾಳಿನೊಳಕ್ಕೆ ನುಗ್ಗುವ ದಾರಿ ಇನ್ನೊಂದು. ತೋಟದ ಯಜಮಾನನು ತಾನೇ ತಡಮೆಯನ್ನು ಸರಿಸಿ ‘ಬನ್ನಿ’ ಎಂದು ಕರೆದಾಗ ಒಳಗೆ ಹೋಗದಿರುವುದು ಅಗೌರವ. ಕರೆಯದಿದ್ದಾಗ ಬೇಲಿಯನ್ನು ಹಾರುವುದು ಅಪರಾಧ. ಹೇಳುವ ಹಕ್ಕು ಕಲಾವಿದನದು. ಹೇಳಿದಾಗ ಕೇಳುವ ಕರ್ತವ್ಯವು ನಮ್ಮದು.

ಇದಕ್ಕೆ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಬೇಕು. ಕಲಾವಿದನ ಒಲವನ್ನು ತಿಳಿದುದರಿಂದ ಕೃತಿಯ ಅರ್ಥವು ಸ್ಪಷ್ಟವಾಗಬಹುದು. ಕೃತಿಯ ಮೌಲ್ಯವು ಅದರಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಾಳಿನಲ್ಲಿ ನೊಂದವನು ಎಂಬ ಕಾರಣಕ್ಕಾಗಿ ಸಪ್ಪೆಯಾದ ಕತೆಯನ್ನು ಹೊಗಳುವುದು ಸಹಾನುಭೂತಿಯಾದೀತೇ ಹೊರತು ವಿಮರ್ಶೆಯಾಗದು. ‘ಮೋಹನಸ್ವಾಮಿ’ಯು ನಿಂತಿರುವುದು ಲೇಖಕರ ಧೈರ್ಯವೊಂದರಿಂದಲೇ ಅಲ್ಲ, ಕನ್ನಡದ ಸಣ್ಣಕತೆಯ ಪರಂಪರೆಯಲ್ಲಿ ಪಳಗಿದ ಕೈಯಿಂದ ಅದು ಬಂದುದರಿಂದ. ಧೈರ್ಯವು ಆ ಕೈಗೆ ಬೇಕಾದ ವಸ್ತುವನ್ನು ಒದಗಿಸಿತು.

ಹಿಂದೆ ಹೇಳಿದ 377ನೆಯ ಕಲಮನ್ನು ಮತ್ತೆ ಪರಿಶೀಲಿಸಿ, 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು, ಪ್ರಾಯಕ್ಕೆ ಬಂದವರು ಪರಸ್ಪರ ಒಪ್ಪಿ ಒಲಿಯುವುದು ಅಪರಾಧವಲ್ಲವೆಂದು ತೀರ್ಪಿತ್ತಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಮೊದಲ ಅರ್ಜಿದಾರರಾದ ನವತೇಜ್ ಸಿಂಗ್ ಜೋಹರ್ ಭರತನಾಟ್ಯದ ಕಲಾವಿದರು. ಕಾನೂನಿನ ಭಯವು ಹೀಗೆ ನೀಗಿದ ಮೇಲೂ, ಮನೆಯವರ ಭಯ, ಊರಿನ ಭಯ, ಗೆಳೆಯರ ನಗೆಯ ಭಯಗಳು ನೀಗಿಲ್ಲ. ಅವುಗಳನ್ನು ನೀಗಿಸುವುದು ನ್ಯಾಯಾಧೀಶರ ಕೈಯಲ್ಲಿಲ್ಲ. ಓದುಗರಾದ, ಪ್ರೇಕ್ಷಕರಾದ, ತಂದೆತಾಯಿಗಳಾದ ನಮ್ಮ ಕೈಯಲ್ಲಿದೆ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟು. ಕಲಾವಿದನು ತನ್ನ ಒಲವನ್ನು ಕೃತಿಯಲ್ಲಿ ಮುಂದಿಟ್ಟಿದ್ದರೆ, ಕವಿದಂಪತಿಗಳ ಬಾಳನ್ನು ಎಷ್ಟು ಸಹಜವಾಗಿ ನೆನೆಯುತ್ತೇವೆಯೋ ಅಷ್ಟೇ ಸಹಜವಾಗಿ ಅದನ್ನೂ ನೆನೆದು ಓದಿರಿ. ಇಟ್ಟಿಲ್ಲವಾದರೆ ಕೃತಿಯನ್ನು ಕೃತಿಯಾಗಿಯೇ ಓದಿರಿ. ಅಧ್ಯಾಪಕರು ಇಂಥ ಪುಸ್ತಕಗಳನ್ನು ತರಗತಿಯಿಂದ ದೂರವಿಡದೆ, ಪ್ರೌಢ ವಿದ್ಯಾರ್ಥಿಗಳ ಮುಂದೆ ತೆರೆದು ಚರ್ಚಿಸಲಿ. ನಮ್ಮ ಗ್ರಾಮಗಳ ವಾಚನಾಲಯಗಳನ್ನು ನೋಡಿಕೊಳ್ಳುವವರು, ಕಾರಂತರ ಮೂಕಜ್ಜಿಯ ಪಕ್ಕದಲ್ಲಿ ‘ಮೋಹನಸ್ವಾಮಿ’ಗೂ ಮಂಜಮ್ಮನವರ ಆತ್ಮಕಥನಕ್ಕೂ ಜಾಗ ಮಾಡಿಕೊಡಲಿ. ಆ ಪುಸ್ತಕಗಳನ್ನು ಕೈಗೆತ್ತಿಕೊಳ್ಳುವವರಲ್ಲಿ, ತನ್ನಂಥವನು ಜಗತ್ತಿನಲ್ಲಿ ತಾನೊಬ್ಬನೇ ಎಂದು ತಿಳಿದಿರುವ ಹುಡುಗನೋ ಹುಡುಗಿಯೋ ಇರಬಹುದು. ಅವರಿಗೆ ಆ ಪುಸ್ತಕವು ತಲಪುವಂತೆ ನೋಡಿಕೊಳ್ಳುವುದು ಸಾಹಿತ್ಯವನ್ನು ಪ್ರೀತಿಸುವ ನಮ್ಮೆಲ್ಲರ ಹೊಣೆ.